ಗೇಟ್ ಮಾಣಿಕ್ಯಂ ಅವರ ಇನ್ನೊಬ್ಬ ಮಗ

ಕಳೆದ ಶನಿವಾರ ಸಂಜೆ ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಪಂಚೆಯನ್ನು ಮೊಣಕಾಲ ಮೇಲಕ್ಕೆ ಸರಿಸಿಕೊಂಡರು. ಜೇಬಿನಿಂದ ಪುಟ್ಟ ಸೀಸೆ ತೆಗೆದು, ಬಸ್ಸು ಎತ್ತಿ ಹಾಕುವುದನ್ನೂ ಲೆಕ್ಕಿಸದೆ, ಅಂಗೈಗೆ ನಾಲ್ಕು ಹನಿ ನೀಲಗಿರಿ ಎಣ್ಣೆ ಹಾಕಿಕೊಂಡು ಮಂಡಿಗೆ ತಿಕ್ಕತೊಡಗಿದರು. ಮುಂದಿನ ಸೀಟಿನ ಹೆಂಗಸು ಮೂಗಿಗೆ ಸೆರಗು ಹಿಡಿದು ತಿರುಗಿ ನೋಡಿದಳು. ನಾನು ಕಿಟಕಿ ಸರಿಸಲು ಕೈಯೆತ್ತಿದವನು ಸುಮ್ಮನಾದೆ. ಆ ವಾಸನೆಗೆ ಮುಖ ತಿರುಗಿಸುವ ಹಕ್ಕು ಬಸ್ಸಿನಲ್ಲಿ ಯಾರಿಗಿದ್ದರೂ ನನಗಿಲ್ಲ. ಒಂದು ಇಡೀ ವರ್ಷದ ಶನಿವಾರಗಳನ್ನು ನಾನು ಅದರ ನಡುವೆಯೇ ಕೂತು ಕಳೆದಿದ್ದೇನೆ. ಭದ್ರಾವತಿಯ ಜನ್ನಾಪುರದ ಸೆಲ್ವರಾಜನ ಎಡ ಮಂಡಿಯ ವಾಸನೆ ಅದು.

ಸೆಲ್ವರಾಜ ಯಾರು ಎನ್ನುವ ಮೊದಲು ನಾನು ಯಾರು ಎಂದು ಹೇಳಬೇಕು. ಮುಂದೆ ನೀವು ನೋಡುವಂತೆ, ಈ ಎರಡನ್ನೂ ಬೇರೆಬೇರೆ ಹೇಳುವುದು ನನಗೆ ಒಂದು ಕಾಲದಲ್ಲಿ ಕಷ್ಟವಾಗಿತ್ತು. ನಾನು ಮಾಚೇನಹಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ ಗುಮಾಸ್ತ. ಕಬ್ಬಿಣ ಕರಗುವ ಕಡೆಯಲ್ಲ, ಫ್ಯಾನ್ ತಿರುಗುವ ಕಡೆ. ಹೊರದೇಶದ ಗಿರಾಕಿಗಳಿಗೆ ಇಂಗ್ಲಿಷ್ ಪತ್ರ ಬರೆಯುವುದು ನನ್ನ ಕೆಲಸ. ‘ತಮ್ಮ ಪತ್ರ ತಲುಪಿ ಸಂತೋಷವಾಯಿತು’ ಎಂಬುದನ್ನು ಹನ್ನೊಂದು ಬಗೆಯಲ್ಲಿ ಬರೆಯಬಲ್ಲೆ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಸೆಲ್ವರಾಜ ಅಚ್ಚು ಕಟ್ಟುವ ವಿಭಾಗದ ಮೇಸ್ತ್ರಿ. ನನಗಿಂತ ಆರೇಳು ವರ್ಷಕ್ಕೆ ದೊಡ್ಡವನು. ಕಪ್ಪು ಮರಳಿನಲ್ಲಿ ಮೊಣಕೈವರೆಗೆ ಮುಳುಗಿರುತ್ತಿದ್ದ. ನನ್ನನ್ನು ‘ಸಾಮಿ’ ಎಂದು ಕರೆಯುತ್ತಿದ್ದ. ಅದರಲ್ಲಿ ಗೌರವ ಎಷ್ಟು, ತಮಾಷೆ ಎಷ್ಟು ಎಂದು ನಾನು ಯಾವತ್ತೂ ಬಿಡಿಸಿ ನೋಡಲಿಲ್ಲ.

ಒಂದು ವರ್ಷ ಇಂಗ್ಲೆಂಡಿನ ಗಿರಾಕಿ ಕಂಪನಿಯಿಂದ ಡೆನಿಸ್ ಎಂಬ ಎಂಜಿನಿಯರ್ ಮಾಲು ನೋಡಲು ಬಂದ. ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ. ಊಟದ ಬಿಡುವಿನಲ್ಲಿ ಶೆಡ್ಡಿನ ಹಿಂದೆ ಸೆಲ್ವರಾಜ ಮತ್ತು ನಾಲ್ಕು ಜನ, ಯಂತ್ರ ಒರೆಸುವ ಹತ್ತಿಯನ್ನು ಉಂಡೆ ಕಟ್ಟಿ ಒದೆಯುತ್ತಿದ್ದರು. ಡೆನಿಸ್ ಹತ್ತು ನಿಮಿಷ ನಿಂತು ನೋಡಿದವನು ನನ್ನ ಕಡೆ ತಿರುಗಿ, ‘ಆ ಕುಂಟುವವನು ನಿಜವಾಗಿ ಆಡಿದವನು’ ಎಂದ. ಅವತ್ತಿನ ಮಧ್ಯಾಹ್ನ ಎರಕದ ದೋಷಗಳ ಬಗ್ಗೆ ಆಗಬೇಕಿದ್ದ ಮಾತು ಇಡಿಯಾಗಿ ಫುಟ್‌ಬಾಲಿನ ಬಗ್ಗೆ ಆಯಿತು. ಸೆಲ್ವರಾಜ ಕನ್ನಡದಲ್ಲಿ, ಡೆನಿಸ್ ಇಂಗ್ಲಿಷಿನಲ್ಲಿ, ನಡುವೆ ಫುಟ್‌ಬಾಲಿನ ಗಂಧವೂ ಇಲ್ಲದ ನಾನು. ಡೆನಿಸ್ ಊರಿಗೆ ಹೋದ ಮೇಲೆ ಅವನ ಊರಿನ ಕ್ಲಬ್ಬಿನ ಒಂದು ಉಣ್ಣೆಯ ಮಫ್ಲರ್ ಅಂಚೆಯಲ್ಲಿ ಬಂತು. ಅಡಿಕೆ ಚೊಗರಿನ ಕಂದುಗೆಂಪು ಬಣ್ಣದ್ದು. ಜೊತೆಗೆ ಆ ಕ್ಲಬ್ಬಿನ ಆಟಗಳ ವಿವರಣೆಯನ್ನು ಫೋನಿನಲ್ಲಿ ಕೇಳುವ ದಾರಿಯನ್ನೂ ಬರೆದು ಕಳಿಸಿದ್ದ.

ಕ್ಲಬ್ಬಿನ ಹೆಸರು ಬೇಡ. ಹೇಳಿದರೂ ನಿಮಗೆ ತಿಳಿಯುವುದಿಲ್ಲ. ನಮ್ಮ ಟೀವಿಯಲ್ಲಿ ಬರುವ ಕೋಟ್ಯಧಿಪತಿ ತಂಡಗಳಲ್ಲ ಇವು. ಇಂಗ್ಲೆಂಡಿನ ಲೀಗಿಗೆ ನಾಲ್ಕು ಮೆಟ್ಟಿಲು. ನಾಲ್ಕನೆಯ, ಅಂದರೆ ಕೊನೆಯ ಮೆಟ್ಟಿಲಿನಲ್ಲಿ ಇಪ್ಪತ್ನಾಲ್ಕು ತಂಡ. ವರ್ಷದ ಕೊನೆಗೆ ಕೊನೆಯ ಎರಡು ಸ್ಥಾನದಲ್ಲಿರುವವರು ಲೀಗಿನಿಂದಲೇ ಹೊರಗೆ. ಆಮೇಲೆ ಆಟ ಇರುತ್ತದೆ, ಆದರೆ ಅಂಗಳದಿಂದ ರಸ್ತೆಗೆ ಬಿದ್ದ ಹಾಗೆ. ನಮ್ಮ ಕ್ಲಬ್ಬು (ಆಗ ನಾನು ‘ನಮ್ಮ’ ಎನ್ನುತ್ತಿದ್ದೆ) ಆ ಮೆಟ್ಟಿಲಿನ ಮೇಲೆ ಎಷ್ಟೋ ವರ್ಷದಿಂದ ಮಂಡಿಯೂರಿ ಕೂತಿತ್ತು.

ಹೀಗೆ ಶನಿವಾರಗಳು ಶುರುವಾದವು. ಕೆಲಸ ಮುಗಿಸಿ ನಾನು ಶಿವಮೊಗ್ಗದ ಬಸ್ಸು ಹತ್ತುವ ಬದಲು ಸೆಲ್ವರಾಜನ ಬೈಕಿನ ಹಿಂದೆ ಕೂತು ಜನ್ನಾಪುರಕ್ಕೆ ಹೋಗುತ್ತಿದ್ದೆ. ಅವನ ಹೆಂಡತಿ ಕಸ್ತೂರಕ್ಕ ಒಂದು ಕಾನ್ವೆಂಟ್ ಶಾಲೆಯಲ್ಲಿ ಆಯಾ. ಅವರು ಮೆಣಸಿನಕಾಯಿ ಬಜ್ಜಿ ತಂದಿಡುವ ಹೊತ್ತಿಗೆ ಸರಿಯಾಗಿ ಅಲ್ಲಿ ಆಟ ಶುರು. ಸೆಲ್ವರಾಜ ಮಂಡಿಗೆ ಎಣ್ಣೆ ತಿಕ್ಕುತ್ತ ಕೂರುತ್ತಿದ್ದ. ಮೂಲೆಯ ಮಂಚದ ಮೇಲೆ ಅವನ ಅಪ್ಪ ಮಾಣಿಕ್ಯಂ. ಊರಿನ ಕಾರ್ಖಾನೆಯೊಂದರ ತಂಡಕ್ಕೆ ಇಪ್ಪತ್ತು ವರ್ಷ ಸೆಂಟರ್ ಹಾಫ್ ಆಗಿ ಆಡಿದವರು. ಎದುರಾಳಿಯ ಕಾಲಿನಿಂದ ಚೆಂಡು ಕಿತ್ತ ಕೂಡಲೇ ‘ಗೇಟ್ ಹಾಕ್ದೆ!’ ಎಂದು ಮೈದಾನಕ್ಕೆಲ್ಲ ಕೇಳುವಂತೆ ಕೂಗುತ್ತಿದ್ದರಂತೆ. ಅದಕ್ಕೇ ಗೇಟ್ ಮಾಣಿಕ್ಯಂ. ಮಗನೂ ಅದೇ ಕೆಂಪು ಜೆರ್ಸಿಯ ತಂಡಕ್ಕೆ ಆಯ್ಕೆಯಾಗಿದ್ದ. ಸೇರುವ ಮೊದಲೇ ಒಂದು ಆಟದಲ್ಲಿ ಮಂಡಿ ತಿರುಚಿತು. ಮುಂದಿನ ವರ್ಷದಿಂದ ಆಟಗಾರರನ್ನು ಕೆಲಸಕ್ಕೆ ತೆಗೆದುಕೊಳ್ಳುವುದೂ ನಿಂತಿತು.

ನನ್ನ ಕೆಲಸ ಅನುವಾದ. ‘ಕ್ಲೀನ್ ಶೀಟ್’ ಎಂದರೆ ಗೋಲು ಬಿಟ್ಟುಕೊಡದ ಆಟ ಎಂದು ಗೊತ್ತಿಲ್ಲದೆ, ‘ಅವರ ಗೋಲ್‌ಕೀಪರು ಒಗೆದ ದುಪ್ಪಟಿ ಇಟ್ಕೊಂಡಿದಾನಂತೆ’ ಎಂದು ಹೇಳಿದ ದಿನ ಮಾಣಿಕ್ಯಂ ಅವರು ನಕ್ಕು ನಕ್ಕು ಕೆಮ್ಮು ಹತ್ತಿ, ಕಸ್ತೂರಕ್ಕ ನೀರು ತಂದರು. ಸ್ವಲ್ಪ ದಿನದಲ್ಲೇ ಒಂದು ವಿಷಯ ನನಗೆ ಗೊತ್ತಾಯಿತು. ಸೆಲ್ವರಾಜನಿಗೆ ನನ್ನ ಅನುವಾದ ಅಷ್ಟೇನೂ ಬೇಕಿರಲಿಲ್ಲ. ಗುಂಪಿನ ಸದ್ದು ಕೇಳಿಯೇ ‘ಕಂಬಕ್ಕೆ ಬಡೀತು’, ‘ಇದು ಆಫ್‌ಸೈಡು, ಕೂಗ್ತಾ ಕೂಗ್ತಾ ನಿಲ್ಸಿದ್ರು ನೋಡಿ’ ಎನ್ನುತ್ತಿದ್ದ. ಅರೆ ನಿಮಿಷದ ಮೇಲೆ ವಿವರಣೆಗಾರ ಅದನ್ನೇ ಹೇಳುತ್ತಿದ್ದ. ನಾನು ಅದನ್ನು ಕನ್ನಡ ಮಾಡುವಷ್ಟರಲ್ಲಿ ಚೆಂಡು ಇನ್ನೆಲ್ಲೋ.

ಆ ವರ್ಷ ಆಗಸ್ಟಿನಲ್ಲಿ ಶುರು ಚೆನ್ನಾಗಿತ್ತು. ದೀಪಾವಳಿ ಹೊತ್ತಿಗೆ ನಾವು ಪಟ್ಟಿಯ ಮೇಲರ್ಧದಲ್ಲಿದ್ದೆವು. ಒಂದು ಭಾನುವಾರ ಆಟದ ತುಣುಕುಗಳನ್ನು ಫೋನಿನಲ್ಲಿ ನೋಡುತ್ತಿದ್ದ ಸೆಲ್ವರಾಜ ಅದನ್ನು ನಿಲ್ಲಿಸಿ, ಹಿಂದೆ ಓಡಿಸಿ, ಮತ್ತೆ ನೋಡಿದ.

‘ಸಾಮಿ, ಈ ಐದನೇ ನಂಬರು, ಕ್ಯಾಪ್ಟನ್ನು. ಇವನಿಗೆ ಎಡಗಡೆ ತಿರುಗಕ್ಕಾಗಲ್ಲ. ಮಂಡಿ ಹೋಗಿದೆ.’

‘ಚೆನ್ನಾಗೇ ಓಡ್ತಿದಾನಲ್ಲ ಮಾರಾಯ?’

‘ನೆಟ್ಟಗೆ ಓಡ್ತಾನೆ. ತಿರುಗುವಾಗ ಮೂರು ಹೆಜ್ಜೆ ಜಾಸ್ತಿ ಹಾಕ್ತಾನೆ ನೋಡಿ. ನಾನೂ ಹಿಂಗೇ ಬಚ್ಚಿಟ್ಟಿದ್ದೆ, ಆರು ತಿಂಗಳು. ಬರೀರಿ, ಅವರಿಗೆ ಹೇಳಿ. ಈಗ್ಲೇ ಕೂರಿಸ್ಲಿ ಅವನನ್ನ, ಇಲ್ಲಾಂದ್ರೆ ಪೂರ್ತಿ ಹೋಗತ್ತೆ.’

ಕ್ಲಬ್ಬಿನ ಅಭಿಮಾನಿಗಳು ಹರಟುವ ಒಂದು ಅಂತರ್ಜಾಲದ ಕಟ್ಟೆಯಿತ್ತು. ಅಲ್ಲಿ ನಾನು ನನ್ನ ಹೆಸರಿನಲ್ಲಿ ಬರೆದೆ. ಜನ ನಕ್ಕರು. ಮೂರು ವಾರದ ಮೇಲೆ ಕ್ಯಾಪ್ಟನ್ನನ ಮಂಡಿಗೆ ಶಸ್ತ್ರಚಿಕಿತ್ಸೆ ಎಂದು ಕ್ಲಬ್ಬೇ ಪ್ರಕಟಿಸಿತು. ಆಮೇಲೆ ನೋಡಿ ನನ್ನ ವೈಭವ! ‘ಇಂಡಿಯಾದ ಈ ಮನುಷ್ಯ ಯಾರು?’ ‘ಇವನನ್ನೇ ಕೋಚ್ ಮಾಡಿ!’ ಸೋಮವಾರ ಆಫೀಸಿನಲ್ಲಿ ನನ್ನ ನಡಿಗೆಯೇ ಬೇರೆಯಾಗಿತ್ತಂತೆ, ಕ್ಯಾಷಿಯರ್ ಹೇಳಿದ.

ಅಭಿಮಾನಿಗಳೇ ನಡೆಸುವ ಒಂದು ಮಾಸಪತ್ರಿಕೆಯಿತ್ತು. ಅದರಲ್ಲಿ ಬರೆಯಲು ಡೆನಿಸ್ ಮೂಲಕ ಕರೆ ಬಂತು. ಮೊದಲ ಲೇಖನದಲ್ಲಿ ನಾನು ಪ್ರಾಮಾಣಿಕನಾಗಿಯೇ ಬರೆದೆ. ‘ನನ್ನ ಗೆಳೆಯ ಸೆಲ್ವರಾಜ ಹೇಳುವಂತೆ’ ಎಂದು ಐದಾರು ಕಡೆ ಇತ್ತು. ಸಂಪಾದಕ ಹಿಂದೆ ಕಳಿಸಿದ. ಚಿಕ್ಕ ಲೇಖನದಲ್ಲಿ ಇಬ್ಬರಿದ್ದರೆ ಓದುವವರಿಗೆ ಗೊಂದಲ, ನೀವೇ ಹೇಳಿದಂತೆ ಬರೆಯಬಹುದೇ ಎಂದು ಕೇಳಿದ್ದ. ಕೇಳಿದ್ದು ಅವನು, ಒಪ್ಪಿದ್ದು ನಾನು. ಈ ತಪ್ಪನ್ನು ಸಮುದ್ರದಾಚೆಗೆ ದಾಟಿಸುವ ಆಸೆ ನನಗಿಲ್ಲ. ಒಂದೇ ಒಂದು ಮಾತು ಬದಲಾಯಿಸಿದೆ. ‘ಅವನು’ ಇದ್ದಲ್ಲಿ ‘ನಾನು’ ಎಂದು ಹಾಕಿದೆ. ಅಷ್ಟಕ್ಕೇ ನನಗೊಂದು ಕೆಟ್ಟ ಮಂಡಿ ಬಂತು, ಜನ್ನಾಪುರದ ಬಾಲ್ಯ ಬಂತು, ಕೈಗೆ ಸಿಗದೆ ಹೋದ ಕೆಂಪು ಜೆರ್ಸಿ ಬಂತು. ಶೆಡ್ಡಿನ ಕುಂಟುವವನನ್ನು ಕಂಡಿದ್ದ ಡೆನಿಸ್ ಕೂಡ, ಭದ್ರಾವತಿಯಲ್ಲಿ ಎಲ್ಲರಿಗೂ ಇಂಥದೊಂದು ಮಂಡಿ ಇರುತ್ತದೆ ಎಂದುಕೊಂಡನೇನೋ, ಏನೂ ಕೇಳಲಿಲ್ಲ. ಎರಡನೆಯ ತಿಂಗಳ ಲೇಖನ ಹೀಗೆ ಶುರುವಾಯಿತು: ‘ನನ್ನ ತಂದೆ ಗೇಟ್ ಹಾಕುತ್ತಿದ್ದರು.’

ನನ್ನ ನಿಜವಾದ ತಂದೆ ಶಿವಮೊಗ್ಗದಲ್ಲಿ ಮೂವತ್ತೈದು ವರ್ಷ ಸಂಸ್ಕೃತದ ಮೇಷ್ಟ್ರಾಗಿದ್ದವರು. ಚೆಂಡಿನ ಪರಿಚಯ ಅವರಿಗೆ ಚೆಂಡುಹೂವಿನ ಮೂಲಕ ಮಾತ್ರ. ನಾನು ಆ ಲೇಖನ ಬರೆಯುತ್ತಿದ್ದಾಗ ಅವರು ಪಕ್ಕದ ಕೋಣೆಯಲ್ಲಿ, ಶಬ್ದರೂಪ ಕಲಿಯಲು ಬಂದ ಬ್ಯಾಂಕಿನ ಹೆಂಗಸೊಬ್ಬರಿಗೆ ಷಷ್ಠಿ ವಿಭಕ್ತಿ ಹೇಳಿಕೊಡುತ್ತಿದ್ದರು. ರಾಮಸ್ಯ, ರಾಮನ. ಯಾರದು ಎಂದು ತಿಳಿಸುವ ವಿಭಕ್ತಿ.

ಸೆಲ್ವರಾಜ ಪ್ರತಿ ವಾರ ಕೇಳುತ್ತಿದ್ದ. ‘ಹಾಕಿದ್ರಾ ಸಾಮಿ? ಏನಂದ್ರು?’

‘ಒಳ್ಳೇ ಪಾಯಿಂಟ್ ಅಂದ್ರು.’

‘ಅಪ್ಪಂದು ಬರೆದ್ರಾ?’

‘ಬರೆದೆ. ತುಂಬಾ ಇಷ್ಟಪಟ್ಟರು.’

ಮುದುಕರು ಮಂಚದಿಂದಲೇ ಕೇಳುತ್ತಿದ್ದರು. ‘ಅಲ್ಲಿ ಈಗ ಗೇಟು ಯಾರ್ ಹಾಕ್ತಾರೆ?’

ಯಾರೂ ಹಾಕುತ್ತಿರಲಿಲ್ಲ. ಕ್ಯಾಪ್ಟನ್ ಹೋದ ಮೇಲೆ ಎಡಗಡೆ ಬಯಲಾಯಿತು. ಜನವರಿಯಲ್ಲಿ ಮ್ಯಾನೇಜರನ್ನು ಕಿತ್ತರು; ಹೊಸಬ ಬಂದು ಇದ್ದುದನ್ನೂ ಕೆಡಿಸಿದ. ವಾರಕ್ಕೊಂದು ಸೋಲು. ಪಟ್ಟಿಯಲ್ಲಿ ನಾವು ಇಳಿಯುವುದನ್ನು ನೋಡುವುದು ಬಾವಿಗೆ ಬಿದ್ದ ಕೊಡ ನೋಡಿದ ಹಾಗಿತ್ತು. ಸ್ವಲ್ಪ ಹೊತ್ತು ತೇಲುತ್ತದೆ, ಆಮೇಲೆ ಒಂದು ಕಡೆಗೆ ವಾಲುತ್ತದೆ.

ಶಿವರಾತ್ರಿಯ ಹಿಂದುಮುಂದು ಮಾಣಿಕ್ಯಂ ತೀರಿಕೊಂಡರು. ಬುಧವಾರ ಬೆಳಿಗ್ಗೆ ಸುದ್ದಿ ಬಂತು. ಶೆಡ್ಡಿನಿಂದ ಎಲ್ಲರೂ ಹೊರಟರು. ಅವತ್ತು ಒಂದು ಕಂಟೇನರಿನ ಕಾಗದಪತ್ರ ಕಳಿಸಬೇಕಿತ್ತು ನಿಜ. ಆದರೆ ಅದನ್ನು ಗುರುವಾರವೂ ಕಳಿಸಬಹುದಿತ್ತು ಎನ್ನುವುದು ಇನ್ನೂ ನಿಜ. ನಾನು ಹೋಗಲಿಲ್ಲ. ಅವರ ಮನೆಯ ಬಜ್ಜಿ ತಿನ್ನಲು ಸಲೀಸಾಗಿ ಹೋಗುತ್ತಿದ್ದವನಿಗೆ ಸಾವಿನ ಮನೆಗೆ ಕಾಲು ಬರಲಿಲ್ಲ. ಏಕೆ ಎಂದು ಆಗ ಕೇಳಿಕೊಳ್ಳಲಿಲ್ಲ. ಅವರ ಮುಖ ನೋಡುವ ಧೈರ್ಯ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ. ಮಡಿಯ ನೆಪವೂ ಒಳಗೆಲ್ಲೋ ಸದ್ದಿಲ್ಲದೆ ಕೂತಿದ್ದೀತು.

ಆ ತಿಂಗಳು ಲೇಖನ ಕಳಿಸಲಿಲ್ಲ. ಯಾಕೆ ಎಂದು ಡೆನಿಸ್ ಕೇಳಿದ. ‘ತಂದೆ ತೀರಿಕೊಂಡರು’ ಎಂದು ಬರೆದೆ. ಯಾರ ತಂದೆ ಎಂದು ಬರೆಯಲಿಲ್ಲ. ಮೇಷ್ಟ್ರ ಮಗ ನೋಡಿ. ವಾಕ್ಯದಲ್ಲಿ ಕರ್ತೃ ಇತ್ತು, ಕ್ರಿಯಾಪದ ಇತ್ತು, ಸುಳ್ಳು ಇರಲಿಲ್ಲ. ಷಷ್ಠಿ ವಿಭಕ್ತಿ ಮಾತ್ರ ಇರಲಿಲ್ಲ.

ಕೊನೆಯ ಆಟದ ದಿನ ಬಂತು. ತವರಿನ ಮೈದಾನದಲ್ಲಿ ಆಟ. ಡ್ರಾ ಮಾಡಿಕೊಂಡರೂ ಸಾಕು, ಲೀಗಿನಲ್ಲಿ ಉಳಿಯುತ್ತೇವೆ. ಸೆಲ್ವರಾಜ ಮೇ ತಿಂಗಳ ಸೆಕೆಯಲ್ಲೂ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಕೂತಿದ್ದ. ಮೂಲೆಯ ಮಂಚ ಖಾಲಿ. ಆಟಕ್ಕೆ ಮೊದಲು ಮೈದಾನದ ಧ್ವನಿವರ್ಧಕದಲ್ಲಿ ಒಬ್ಬ ಏನೋ ನಿಧಾನವಾಗಿ ಓದತೊಡಗಿದ.

‘ಏನದು ಸಾಮಿ?’

‘ಈ ವರ್ಷ ತೀರಿಕೊಂಡ ಅಭಿಮಾನಿಗಳ ಹೆಸರು ಓದ್ತಿದಾರೆ. ಆಮೇಲೆ ಎಲ್ಲರೂ ಒಂದು ನಿಮಿಷ ಚಪ್ಪಾಳೆ ತಟ್ತಾರಂತೆ.’

ನಾನು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ‘ಭದ್ರಾವತಿ’ ಎಂದು ಕೇಳಿಸಿತು. ಆಮೇಲೆ ‘ಗೇಟ್ ಮಾಣಿಕ್ಯಂ’. ಆಮೇಲೆ ನನ್ನ ಹೆಸರು, ಮೂರು ಕಡೆ ಮುರಿದು. ಡೆನಿಸ್ ಒಳ್ಳೆಯ ಮನಸ್ಸಿನಿಂದ ಮಾಡಿಸಿದ್ದ ಕೆಲಸ. ನನಗೆ ತಿಳಿಸಿರಲಿಲ್ಲ. ಆಮೇಲೆ ಆ ಇಡೀ ಮೈದಾನ ಚಪ್ಪಾಳೆ ತಟ್ಟಿತು. ಹಂಚಿನ ಮೇಲೆ ದೊಡ್ಡ ಮಳೆ ಬಂದ ಹಾಗೆ ಫೋನು ಸದ್ದು ಮಾಡಿತು.

ಸೆಲ್ವರಾಜ ಎದ್ದು ನಿಂತುಬಿಟ್ಟಿದ್ದ. ‘ಅಪ್ಪನ ಹೆಸರು! ಕಸ್ತೂರಿ, ಬಾ ಇಲ್ಲಿ, ಅಪ್ಪಂಗೆ ಚಪ್ಪಾಳೆ ತಟ್ತಿದಾರೆ ಇಂಗ್ಲೆಂಡಲ್ಲಿ!’ ನನ್ನ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರು. ‘ಸಾಮಿ, ನೀವು ಮಾಡ್ಸಿದ್ದಾ? ನಂಗೆ ಒಂದು ಮಾತು ಹೇಳ್ಲಿಲ್ವಲ್ಲ!’

ನಾನು ತಲೆಯಾಡಿಸಿದೆ. ಹೌದು ಎಂದೋ ಅಲ್ಲ ಎಂದೋ ನನಗೇ ತಿಳಿಯದ ಹಾಗೆ.

‘ಕೊನೆಗೆ ನಿಮ್ಮ ಹೆಸರೂ ಬಂತಲ್ಲ?’

‘ನಾನು ತಿಳಿಸಿದ್ದು ಅಂತ ಹೇಳಿದ್ರು’ ಎಂದೆ.

ಮೊದಲರ್ಧ ಗೋಲಿಲ್ಲದೆ ಮುಗಿಯಿತು. ಆ ಮುಕ್ಕಾಲು ಗಂಟೆ ಸೆಲ್ವರಾಜನ ಮುಖದಲ್ಲಿದ್ದ ಸಂತೋಷವನ್ನು ನಾನು ನೋಡುತ್ತ ಕೂತಿದ್ದೆ. ಅಂಥ ಶಿಕ್ಷೆಯನ್ನು ಬೇರೆ ಯಾರೂ ನನಗೆ ಕೊಟ್ಟಿಲ್ಲ. ಬಿಡುವಿನಲ್ಲಿ ಕಸ್ತೂರಕ್ಕ ಕಾಫಿ ತಂದು ನನ್ನ ಮುಂದಿಟ್ಟು, ಲೋಟದಿಂದ ಕೈ ತೆಗೆಯದೆ ಕೇಳಿದರು.

‘ಸಾಮಿ, ಒಳಗೂ ಕೇಳಿಸ್ತು. ಅವ್ರು ಫಾದರ್ ಆಫ್ ಅಂದು ನಿಮ್ಮ ಹೆಸರು ಹೇಳಿದ್ರಲ್ಲ?’

ನಾನು ಲೋಟಕ್ಕೆ ಕೈ ಚಾಚಿದೆ, ಅವರು ಬಿಡಲಿಲ್ಲ.

‘ನಂಗೆ ಇಂಗ್ಲಿಷ್ ಬರಲ್ಲ. ಫಾದರ್ ಆಫ್ ಯಾರು, ಮದರ್ ಆಫ್ ಯಾರು ಅಂತ ಸ್ಕೂಲ್ ಗೇಟಲ್ಲಿ ದಿನಾ ಕೇಳೋದು ನನ್ನ ಕೆಲಸ. ಅದೊಂದು ಗೊತ್ತಾಗತ್ತೆ.’

ಸೆಲ್ವರಾಜ ನನ್ನ ಕಡೆ ನೋಡಿದ. ‘ಹೌದಾ?’

ಹೇಳಿದೆ. ಎಲ್ಲವನ್ನೂ ಹೇಳಿದೆ. ಮಂಡಿ, ಜೆರ್ಸಿ, ‘ತಂದೆ ತೀರಿಕೊಂಡರು’. ಎರಡು ಮೂರು ನಿಮಿಷ ಹಿಡಿದಿರಬೇಕು, ಅಷ್ಟೇ. ಅವನು ಬೈದರೆ ಎದ್ದು ಹೋಗಬಹುದಿತ್ತು. ಬೈಯಲಿಲ್ಲ. ಫೋನಿನ ಸದ್ದು ಇನ್ನೊಂದಿಷ್ಟು ಹೆಚ್ಚಿಸಿ, ‘ಸೆಕೆಂಡ್ ಹಾಫ್ ಶುರುವಾಯ್ತು. ಹೇಳ್ತಾ ಹೋಗಿ’ ಎಂದ.

ನಾನು ಹೇಳುತ್ತ ಹೋದೆ. ಚೆಂಡು ನಮ್ಮವರಲ್ಲಿದೆ. ಚೆಂಡು ಹೊರಗೆ ಹೋಯಿತು. ಗುಂಪು ಹಾಡುತ್ತಿದೆ. ಅವನಿಗೆ ನನಗಿಂತ ಮೊದಲೇ ಗೊತ್ತಾಗುತ್ತಿತ್ತು; ಆದರೂ ಪ್ರತಿ ಮಾತನ್ನೂ ನನ್ನ ಬಾಯಿಂದ ಹೇಳಿಸಿದ. ಆಟ ಮುಗಿಯಲು ಹತ್ತು ನಿಮಿಷವಿರುವಾಗ ಎಡಗಡೆಯಿಂದ ಎದುರಾಳಿಯೊಬ್ಬ ನುಗ್ಗಿದ. ಮೈದಾನ ಒಮ್ಮೆಲೇ ಸ್ತಬ್ಧವಾಯಿತು. ಗೋಲು ಎಂದು ನಾನು ಹೇಳಬೇಕಾಯಿತು. ಅಂತಿಮ ಸೀಟಿ ಊದಿದಾಗ, ನಾವು ಲೀಗಿನಿಂದ ಹೊರಗೆ ಎಂದೂ ನಾನೇ ಹೇಳಬೇಕಾಯಿತು.

ಸೆಲ್ವರಾಜ ಮಫ್ಲರ್ ಬಿಚ್ಚಿ ಮಡಿಸಿ ಮಂಚದ ಮೇಲಿಟ್ಟ. ಬಾಗಿಲವರೆಗೂ ಬಂದ. ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಹೇಳಿದ:

‘ಅಪ್ಪನ ಮಣ್ಣಿಗೆ ನೀವು ಬರ್ಲಿಲ್ಲ ಸಾಮಿ. ಬರ್ಬೇಕಾಗಿತ್ತು. ನಿಮ್ಮಪ್ಪನೂ ಆಗಿದ್ರಲ್ಲ.’

ಮರುದಿನವೇ ಕೂತು ಡೆನಿಸನಿಗೂ ಸಂಪಾದಕನಿಗೂ ಉದ್ದದ ತಪ್ಪೊಪ್ಪಿಗೆ ಬರೆದೆ. ಬಹಳ ಒಳ್ಳೆಯ ಇಂಗ್ಲಿಷಿನಲ್ಲಿ ಬರೆದೆ ಎನ್ನುವುದನ್ನೂ ಒಪ್ಪಿಕೊಳ್ಳಬೇಕು. ಎರಡು ಸಲ ತಿದ್ದಿದೆ. ತಿಳಿಸಿದ್ದು ಒಳ್ಳೆಯದಾಯಿತು, ಇನ್ನು ಬರೆಯುವುದು ಬೇಡ ಎಂದು ಡೆನಿಸ್ ಎರಡು ಸಾಲು ಕಳಿಸಿದ. ಪತ್ರಿಕೆ ಕೊನೆಯ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಹಾಕಿತು. ಅದನ್ನು ಮುದ್ರಿಸಿಕೊಂಡು ಶೆಡ್ಡಿಗೆ ಹೋದೆ. ಸೆಲ್ವರಾಜ ಕೈ ಮುಂದೆ ಮಾಡಲಿಲ್ಲ.

‘ಕೈ ಮಸಿ. ನೀವೇ ಓದಿ.’

ಓದಿ ಕನ್ನಡದಲ್ಲಿ ಹೇಳಿದೆ. ಅವನು ಅಚ್ಚಿನ ಮರಳನ್ನು ಗುದ್ದುತ್ತಲೇ ಇದ್ದ.

‘ಎದುರಿಗೆ ಇಲ್ದೇ ಇರೋರಿಗೆ ಹೇಳಿದೀರಿ. ಅದು ಸುಲಭ. ನಿಮ್ಮ ತಂದೆಯವ್ರು ಇದಾರಲ್ಲ, ಅವ್ರಿಗೆ ಹೇಳಿದ್ರಾ?’

ಹೇಳಿರಲಿಲ್ಲ. ಆ ಸಂಜೆ ಹೇಳಿದೆ. ನನ್ನ ತಂದೆ ಕನ್ನಡಕ ಒರೆಸುತ್ತ ಪೂರ್ತಿ ಕೇಳಿದರು.

‘ಸತ್ತ ಸುಳ್ಳುಸುದ್ದಿ ಹಬ್ಬಿದರೆ ಆಯುಸ್ಸು ಹೆಚ್ಚತ್ತಂತೆ ಕಣೋ. ಅದಕ್ಕೆ ಬೇಜಾರಿಲ್ಲ’ ಎಂದರು. ಕನ್ನಡಕವನ್ನು ಬೆಳಕಿಗೆ ಹಿಡಿದು, ‘ಅವರು ಏನು ಆಡ್ತಿದ್ರು ಅಂದೆ?’

‘ಸೆಂಟರ್ ಹಾಫ್.’

‘ಹಾಗಂದ್ರೆ?’

‘ಮೇಲೆ ಬಿದ್ದು ಬರೋದನ್ನ ತಡೆಯೋರು.’

ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. ‘ನಾನೂ ಬೇಕಾದಷ್ಟು ತಡೆದಿದೀನಿ. ನಿನಗೆ ಕಾಣಿಸ್ಲಿಲ್ಲ.’

ಆಮೇಲೆ ಅವರು ಆ ವಿಷಯ ಎತ್ತಿಲ್ಲ. ಸೆಲ್ವರಾಜ ಆ ವರ್ಷದ ಕೊನೆಗೆ ಕೆಲಸ ಬಿಟ್ಟ, ಮಂಡಿ ನಿಲ್ಲಗೊಡುತ್ತಿರಲಿಲ್ಲ. ಎರಡು ವರ್ಷ ನಾನು ಜನ್ನಾಪುರದ ಕಡೆ ತಲೆ ಹಾಕಲಿಲ್ಲ. ಅವನಿಗೆ ಮಂಡಿ ಆಪರೇಷನ್ ಆಗಿದೆ ಎಂದು ಈಚೆಗೆ ಕ್ಯಾಂಟೀನಿನಲ್ಲಿ ಕೇಳಿ, ಒಂದು ಚೀಲ ಮೂಸಂಬಿ ಹಿಡಿದು ಕಳೆದ ಶನಿವಾರ ಆ ಬಸ್ಸು ಹತ್ತಿದ್ದು ಅದಕ್ಕೇ.

ಅವನು ಮನೆಯ ಮುಂದೆ ಕುರ್ಚಿಯಲ್ಲಿ ಕೂತಿದ್ದ. ಕಾಲು ಸ್ಟೂಲಿನ ಮೇಲೆ, ಫೋನು ತೊಡೆಯ ಮೇಲೆ. ಕಸ್ತೂರಕ್ಕ ಹೊರಬಂದು ಚೀಲ ಇಸಿದುಕೊಂಡರು, ‘ಬಂದ್ರಾ’ ಎಂದಷ್ಟೇ ಹೇಳಿ ಒಳಗೆ ಹೋದರು. ಸೆಲ್ವರಾಜ ನನ್ನನ್ನು ನೋಡಿ ತಲೆಯಾಡಿಸಿದ. ಕೂತುಕೊಳ್ಳಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಐದನೆಯ ಮೆಟ್ಟಿಲಿಗೆ ಬಿದ್ದ ಆ ತಂಡದ ಆಟ ಶುರುವಾಗಿತ್ತು. ಈಗ ಫೋನೇ ಕನ್ನಡ ಮಾಡಿ ಓದುತ್ತದೆ. ಯಾವುದೋ ಹೆಣ್ಣು ದನಿ, ಏರಿಳಿತವಿಲ್ಲದೆ.

‘ಎಡ ಬೆನ್ನು ಮುಂದಕ್ಕೆ ಓಡುತ್ತಿದೆ’ ಎಂದಿತು ಫೋನು.

‘ಅದು ಬೆನ್ನಲ್ಲ, ಲೆಫ್ಟ್ ಬ್ಯಾಕು...’ ನನ್ನ ಬಾಯಿಂದ ಬಂದೇಬಿಟ್ಟಿತು.

ಸೆಲ್ವರಾಜ ಫೋನಿನಿಂದ ಕಣ್ಣೆತ್ತಲಿಲ್ಲ. ‘ನಂಗೆ ಅರ್ಥ ಆಗತ್ತೆ’ ಎಂದ.

ನಾನು ಮೆಟ್ಟಿಲ ಕೆಳಗೇ ನಿಂತೆ. ಫೋನು ತಪ್ಪುತಪ್ಪಾಗಿ ಓದುತ್ತಿತ್ತು, ಅವನು ಸರಿಯಾಗಿ ಕೇಳುತ್ತಿದ್ದ. ಮೊದಲರ್ಧ ಮುಗಿಯುವವರೆಗೂ ನಿಂತಿದ್ದೆ. ಅವನ ತಂಡ ಒಂದು ಗೋಲಿನಿಂದ ಹಿಂದಿತ್ತು.